ಮೈನಸ್ 30ರ ಊರಿಗೆ ಹೊರಟಿದ್ದೇನೆ, ಅಮ್ಮ ಆರು ಸ್ವೆಟರ್ ತುಂಬಿದ್ದಾರೆ. ಏನು ತರಲಿ, ಏನು ಬಿಡಲಿ?

ದಾವಣಗೆರೆ_ಬೆಣ್ಣೆ | ಡಿಸೆಂಬರ್ 12

ಎಲ್ಲರಿಗೂ ನಮಸ್ಕಾರ. ಜನವರಿ 4ಕ್ಕೆ ಕೆನಡಾದ ವಿನಿಪೆಗ್‌ಗೆ ಹೊರಟಿದ್ದೇನೆ, ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಓದು. ಹುಟ್ಟಿ ಬೆಳೆದದ್ದೆಲ್ಲ ದಾವಣಗೆರೆ, ಆಮೇಲೆ ಕೆಲಸಕ್ಕೆ ಬೆಂಗಳೂರು. ನಾನು ಕಂಡ ದೊಡ್ಡ ಚಳಿ ಅಂದರೆ ಡಿಸೆಂಬರಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಬಸ್ ಇಳಿದು, ಆಟೋ ಸಿಗದೆ ಮನೆವರೆಗೂ ನಡೆದದ್ದು. ಅಲ್ಲಿ ಜನವರಿಯಲ್ಲಿ ಆಗಾಗ ಮೈನಸ್ 30 ಮುಟ್ಟುತ್ತದಂತೆ. ನಮ್ಮ ಮನೆ ಫ್ರೀಜರ್ ಮೈನಸ್ 18. ಅಂದರೆ ಅಲ್ಲಿ ಚಳಿ ತಡೆಯಲಾಗದಿದ್ದರೆ ಫ್ರೀಜರ್ ಒಳಗೆ ಹೋಗಿ ಕೂರಬೇಕು, ಅಲ್ವಾ?

ಅಮ್ಮ ಆಗಲೇ ಸೂಟ್‌ಕೇಸ್ ತುಂಬಲು ಶುರು ಮಾಡಿದ್ದಾರೆ. ಆರು ಸ್ವೆಟರ್ (ಎರಡು ಚಿಕ್ಕಮ್ಮ ಹೆಣೆದದ್ದು), ಎರಡು ಮಂಕಿ ಕ್ಯಾಪ್, ಒಂದು ಸೋಲಾಪುರ ಚಾದರ, ಹನ್ನೆರಡು ಕಾಟನ್ ಬನಿಯನ್. ವಿಮಾನದಲ್ಲಿ 23 ಕೆ.ಜಿ.ಯ ಎರಡೇ ಬ್ಯಾಗ್. ಚಟ್ನಿಪುಡಿಗೆ ಜಾಗ ಇಲ್ಲ.

ಕೇಳಬೇಕಾದ್ದು ಇಷ್ಟೇ. ದಪ್ಪ ಜಾಕೆಟ್ ಬೆಂಗಳೂರಲ್ಲೇ ತಗೊಳ್ಳಲಾ, ಅಲ್ಲೇ ತಗೊಳ್ಳಲಾ? ಜೀನ್ಸ್ ಸಾಕಾ? ಕಾರಿಲ್ಲ, ಬಸ್ಸಲ್ಲೇ ಓಡಾಟ. ದುಡ್ಡು ಲೆಕ್ಕದ್ದು.

ಮಾಗಿಚಳಿ | ಡಿಸೆಂಬರ್ 12

ಗುರು, ಬನಿಯನ್ ಬಿಡು, ಚಟ್ನಿಪುಡಿ ತಗೊಂಡು ಹೋಗು. ಖಾರಕ್ಕೇ ಮೈ ಬೆಚ್ಚಗಾಗುತ್ತೆ.

ಕೆಂಪುನದಿ | ಡಿಸೆಂಬರ್ 12

ಒಂಬತ್ತು ವರ್ಷದಿಂದ ವಿನಿಪೆಗ್‌ನಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬಂದಿಳಿದದ್ದೂ ಜನವರಿಯಲ್ಲೇ. ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ "ಸರ್, ಇದನ್ನ ಹಾಕಿಕೊಂಡು ಹಿಮಾಲಯಕ್ಕೆ ಹೋಗ್ತಾರೆ" ಅಂತ ಹೇಳಿ ಆರು ಸಾವಿರಕ್ಕೆ ಒಂದು ಜಾಕೆಟ್ ಕೊಟ್ಟಿದ್ದರು. ದಪ್ಪಗೆ, ಹೊಳೆಯುತ್ತಾ ಚೆನ್ನಾಗೇ ಇತ್ತು. ಸೊಂಟದವರೆಗೆ ಮಾತ್ರ. ಕೆಳಗೆ ಜೀನ್ಸ್, ಕಾಲಿಗೆ ಓಡುವ ಶೂ. ಎರಡನೇ ದಿನ ಬೆಳಗ್ಗೆ ಮೈನಸ್ 27. ಬಸ್ ಸ್ಟಾಪಿನಲ್ಲಿ ಹನ್ನೊಂದು ನಿಮಿಷ ನಿಂತೆ. ಮೊದಲ ಎರಡು ನಿಮಿಷ "ಇಷ್ಟೇನಾ?" ಅನ್ನಿಸಿತು. ಮೂಗೊಳಗಿನ ಕೂದಲು ಗಟ್ಟಿಯಾಗಿ ಚುಚ್ಚಿದಾಗ ನಗು ಬಂತು. ಆಮೇಲೆ ತೊಡೆ. ಜೀನ್ಸ್ ತೊಡೆಗೆ ತಗಡು ಕಟ್ಟಿದ ಹಾಗೆ ಆಯಿತು, ಹೆಜ್ಜೆ ಹಾಕಿದಾಗಲೆಲ್ಲ ತಣ್ಣನೆ ತಗಡು ತಾಗಿದ ಹಾಗೆ. ಏಳನೇ ನಿಮಿಷಕ್ಕೆ ಕಾಲ್ಬೆರಳು ನೋಯುತ್ತಿತ್ತು, ಹತ್ತಕ್ಕೆ ನೋವು ನಿಂತಿತು. ನೋವು ನಿಂತದ್ದಕ್ಕೆ ಖುಷಿಪಟ್ಟೆ ನೋಡಿ, ಅದೇ ದಡ್ಡತನ. ಬೆರಳು ಮರಗಟ್ಟಿತ್ತು ಅಷ್ಟೇ. ಬಸ್ಸಿನ ಬಿಸಿಗೆ ಜೀವ ಬಂದಾಗ ಕಣ್ಣಲ್ಲಿ ನೀರು ಬಂತು.

ಅದಕ್ಕೇ ಹೇಳುವುದು, ಎಲ್ಲರೂ ಜಾಕೆಟ್ ಜಾಕೆಟ್ ಅನ್ನುತ್ತಾರೆ, ನೀವು ಮೊದಲು ಸೊಂಟದಿಂದ ಕೆಳಗೆ ಯೋಚನೆ ಮಾಡಿ.

ಜಾಕೆಟ್ ಇಲ್ಲಿಯೇ ತಗೊಳ್ಳಿ. ತೊಡೆ ಮುಚ್ಚುವಷ್ಟು ಉದ್ದ ಇರಲಿ. ಟೋಪಿ ಜಾಕೆಟ್‌ಗೇ ಹೊಲಿದಿರಲಿ, ಮುಖದ ಮುಂದಕ್ಕೆ ಬರುವಂತಿರಲಿ. ಜಿಪ್ ಮೇಲೆ ಇನ್ನೊಂದು ಪಟ್ಟಿ ಇರಬೇಕು, ಇಲ್ಲದಿದ್ದರೆ ಜಿಪ್ಪಿನ ಹಲ್ಲಿನ ಸಂದಿಯಲ್ಲೇ ಗಾಳಿ ನುಗ್ಗುತ್ತದೆ. ತೋಳಿನ ತುದಿಯಲ್ಲಿ ಬಿಗಿ ಹಿಡಿಯುವ ಹೆಣಿಗೆ ಇರಲಿ. ಕೆನಡಾ ಗೂಸ್ ಅಂತ ಹುಡುಗರು ಆಸೆಪಡುತ್ತಾರೆ, ಸಾವಿರ ಡಾಲರ್ ದಾಟುತ್ತದೆ, ಬೇಡ. ನನ್ನದು ಸೀಸನ್ ಕೊನೆಯ ರಿಯಾಯಿತಿಯಲ್ಲಿ 220 ಡಾಲರ್, ಆರನೇ ವರ್ಷ ನಡೆಯುತ್ತಿದೆ. ಹಳೆ ಬಟ್ಟೆ ಮಾರುವ ವ್ಯಾಲ್ಯೂ ವಿಲೇಜ್ ಥರದ ಅಂಗಡಿಗಳಲ್ಲೂ ನೋಡಿ, ನಾಚಿಕೆ ಬೇಡ, ಇಲ್ಲಿ ಎಲ್ಲರೂ ಹೋಗುತ್ತಾರೆ.

ಊರಿಂದ ತರಬೇಕಾದ್ದು ಥರ್ಮಲ್ (ಮೈಗೆ ಅಂಟುವ ಬೆಚ್ಚನೆ ಒಳಉಡುಪು) ಎರಡು ಮೂರು ಜೊತೆ, ಒಂದೆರಡು ಫ್ಲೀಸ್ (ಮೆತ್ತನೆ ಜುಂಗಿನ ಮೇಲಂಗಿ). ಡೆಕಾಥ್ಲಾನ್‌ನಲ್ಲಿ ಸಿಗುವುದೇ ಸಾಕು.

ದಾವಣಗೆರೆ_ಬೆಣ್ಣೆ | ಡಿಸೆಂಬರ್ 13

ಅಣ್ಣ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ಸ್ವೆಟರ್ ಒಂದರ ಮೇಲೊಂದು ಆರೂ ಹಾಕಿಕೊಂಡರೆ ಆಗಲ್ವಾ?" ಅಂತ ಕೇಳುತ್ತಿದ್ದಾರೆ. ನಂಗೂ ಅದೇ ಡೌಟು. ಆರು ಪದರ ಅಂದರೆ ಆರು ಪದರ ತಾನೇ?

ಉಣ್ಣೆಎಳೆ | ಡಿಸೆಂಬರ್ 13

ಅಮ್ಮ ಅರ್ಧ ಸರಿ ಹೇಳಿದ್ದಾರೆ. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಬಿಸಿ ನಮ್ಮ ಮೈಯದ್ದು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಂತರೆ ಆ ಬಿಸಿ ಹೊರಗೆ ಹೋಗುವುದು ನಿಧಾನವಾಗುತ್ತದೆ. ಅಷ್ಟೇ ಕಥೆ. ಆರು ಸ್ವೆಟರ್ ಒಂದರೊಳಗೊಂದು ತುರುಕಿದರೆ ಎಲ್ಲ ಒತ್ತಿಕೊಂಡು ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ಮೇಲಾಗಿ ಹೆಣೆದ ಸ್ವೆಟರ್ ಅಂದರೆ ತೂತು ತೂತು. ಗಾಳಿ ಬೀಸದ ಕಡೆ ಬೆಚ್ಚಗೆ, ಬೀಸಿದರೆ ಜರಡಿ.

ಅದಕ್ಕೇ ಮೂರು ಕೆಲಸಕ್ಕೆ ಮೂರು ಪದರ. ಮೈಗೆ ಅಂಟಿದ್ದು ಬೆವರನ್ನು ಹೊರಗೆ ಸಾಗಿಸಬೇಕು. ನಡುವಿನದು ಉಬ್ಬಿಕೊಂಡು ಗಾಳಿ ಹಿಡಿಯಬೇಕು, ಫ್ಲೀಸ್, ಉಣ್ಣೆ, ಡೌನ್ (ಬಾತುಕೋಳಿಯ ಮೆತ್ತನೆ ಗರಿ) ಯಾವುದಾದರೂ ಸರಿ. ಹೊರಗಿನದು ಗಾಳಿ ತಡೆಯಬೇಕು. ಒಳಗಿಂದ ಹೊರಗೆ ಹೋದ ಹಾಗೆ ಅಳತೆ ದೊಡ್ಡದಾಗುತ್ತಾ ಹೋಗಲಿ.

ನಾನು ರಾಣೆಬೆನ್ನೂರು ಕಡೆಯವನು, ಮನೆಯಲ್ಲಿ ಕಂಬಳಿ ವ್ಯಾಪಾರ ಇತ್ತು, ಹಾಗಾಗಿ ಉಣ್ಣೆ ವಿಷಯ ಬಂದರೆ ಬಾಯಿ ಸುಮ್ನೆ ಇರಲ್ಲ. ಉಣ್ಣೆ ಎಳೆ ನೆಟ್ಟಗಿರುವುದಿಲ್ಲ, ಗುಂಗುರು ಗುಂಗುರಾಗಿರುತ್ತದೆ, ಆ ಗುಂಗುರಲ್ಲೇ ಗಾಳಿ ಸಿಕ್ಕಿಕೊಳ್ಳುವುದು. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಕುರುಬರ ಕಂಬಳಿ ಹೊದ್ದುಕೊಂಡು ಮಳೆಯಲ್ಲಿ ಕುರಿ ಕಾಯುತ್ತಿದ್ದರಲ್ಲ, ಸುಮ್ನೆ ಅಲ್ಲ ಅದು. ಕರಿ ಕಂಬಳಿಗೆ ಬಣ್ಣ ಹಾಕಿರುವುದಿಲ್ಲ, ಕುರಿಯೇ ಕರಿ. ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಹಾಕಿ ಬಿಸಿಲಿಗೆ ಹರಡಿದರೆ ಹಲಗೆ ಥರ ನಿಲ್ಲುತ್ತದೆ, ಮಳೆ ನೀರು ಜಾರಿ ಹೋಗುತ್ತದೆ.

ಆದರೆ ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಬರಿಮೈಗೆ ತಾಗಿದರೆ ಕೆರೆದು ಕೆರೆದು ಸಾಕಾಗುತ್ತದೆ. ಒಳಗೆ ಹಾಕುವುದಕ್ಕೆ ಮೆರಿನೊ ಅಂತ ಸಿಗುತ್ತದೆ, ಅದರ ಎಳೆ ತುಂಬಾ ಸಣ್ಣ, ಚುಚ್ಚುವುದಿಲ್ಲ. ರೇಟು ಮಾತ್ರ ಚುಚ್ಚುತ್ತದೆ. ಒಂದೇ ಜೊತೆ ತಗೊಳ್ಳಿ, ನಾಲ್ಕು ದಿನ ಹಾಕಿದರೂ ವಾಸನೆ ಬರಲ್ಲ.

ಹತ್ತಿಬಟ್ಟೆ | ಡಿಸೆಂಬರ್ 13

ಎಲ್ಲರೂ ಕಾಟನ್ ಬೇಡ ಅನ್ನುತ್ತೀರಿ. ನಾನು ಟೊರಾಂಟೊ ಪಕ್ಕ ಹತ್ತು ವರ್ಷದಿಂದ ಕಾಟನ್ ಬನಿಯನ್ನೇ ಹಾಕುತ್ತಿದ್ದೇನೆ. ಏನೂ ಆಗಿಲ್ಲ. ಸುಮ್ನೆ ಹುಡುಗನಿಗೆ ಖರ್ಚು ಮಾಡಿಸಬೇಡಿ.

ಕೆಂಪುನದಿ | ಡಿಸೆಂಬರ್ 13

ಸರ್, ನಿಮ್ಮದು ಮನೆ ಗ್ಯಾರೇಜಿಂದ ಆಫೀಸ್ ಪಾರ್ಕಿಂಗ್‌ವರೆಗೆ ಕಾರು ತಾನೇ? ಹಾಗಾದರೆ ರೇಷ್ಮೆ ಜುಬ್ಬ ಹಾಕಿಕೊಂಡರೂ ನಡೆಯುತ್ತದೆ. ಇವನು ಬಸ್ಸಿಗೆ ಓಡಿ, ಬೆವರಿ, ಸ್ಟಾಪಿನಲ್ಲಿ ನಿಲ್ಲುವವನು. ಒದ್ದೆ ಬನಿಯನ್ ಬೆನ್ನಿಗೆ ಅಂಟಿಕೊಂಡರೆ ಆಯಿತು ಕಥೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈ ಬಿಸಿ ಎಳೆದುಕೊಳ್ಳುತ್ತದೆ. ಹತ್ತಿ ಬೇಗ ಒಣಗುವುದೂ ಇಲ್ಲ.

ಮತ್ತೆ ಟೊರಾಂಟೊ ಚಳಿಯನ್ನ ಇಲ್ಲಿ ನಾವು ಚಳಿ ಅಂತ ಕರೆಯಲ್ಲ. 😀

ಹತ್ತಿಬಟ್ಟೆ | ಡಿಸೆಂಬರ್ 13

ಆಯಿತು ಮಾರಾಯರೇ, ಕಾರಿನ ವಿಷಯ ಒಪ್ಪಿದೆ. ಹೋದ ವರ್ಷ ಡ್ರೈವ್‌ವೇ ಹಿಮ ತೋಡುವಾಗ ಬೆನ್ನು ಒದ್ದೆಯಾಗಿ ಮೂರು ದಿನ ನೆಗಡಿ ಜ್ವರ ಮಲಗಿದ್ದೆ. ಅದು ಬನಿಯನ್‌ದೇ ಅಂತ ಮಾತ್ರ ಒಪ್ಪಲ್ಲ.

ಬೀದರ್_ಥಂಡಿ | ಡಿಸೆಂಬರ್ 13

ಥಂಡಿ ಅಂದರೆ ಏನು ಅಂತ ಬೀದರ್‌ನವರನ್ನ ಕೇಳಿ. ಜನವರಿಯಲ್ಲಿ ಬೆಳಗ್ಗೆ ಕೌದಿ ಒಳಗಿಂದ ಕೈ ಹೊರಗೆ ತೆಗೆಯಲು ಮನಸ್ಸು ಬರಲ್ಲ. ಬೆಂಗಳೂರಿನವರು ಹದಿನೈದು ಡಿಗ್ರಿಗೆ ಸ್ವೆಟರ್, ಮಫ್ಲರ್, ಹತ್ತಿ ಉಂಡೆ ಕಿವಿಗೆ! ಎಂ.ಜಿ. ರೋಡಲ್ಲಿ ನೋಡಿ ನಕ್ಕಿದ್ದೇನೆ.

ಮಾಗಿಚಳಿ | ಡಿಸೆಂಬರ್ 13

ಬೆಂಗಳೂರು 1884ರ ಜನವರಿ 13ಕ್ಕೆ 7.8 ಡಿಗ್ರಿಗೆ ಇಳಿದಿತ್ತು ಸ್ವಾಮಿ, ದಾಖಲೆ ಇದೆ. ಅದರ ನೆನಪಲ್ಲೇ ಇನ್ನೂ ಮಫ್ಲರ್ ಸುತ್ತುತ್ತಿದ್ದೇವೆ.

ದಿಲ್ಲಿ_ದೋಸೆ | ಡಿಸೆಂಬರ್ 14

ನಗಬೇಡಿ, ಒಂದು ಮಾತಿದೆ ಇದರಲ್ಲಿ. ನಾನು ದೆಹಲಿಯಲ್ಲಿ ಎಂಟು ವರ್ಷ ಇದ್ದೆ, ಈಗ ಎಡ್ಮಂಟನ್‌ನಲ್ಲಿದ್ದೇನೆ. ನನ್ನ ಜೀವನದಲ್ಲಿ ಅತಿ ಹೆಚ್ಚು ನಡುಗಿದ್ದು ದೆಹಲಿಯ ಬಾಡಿಗೆ ರೂಮಿನಲ್ಲಿ. ಹೊರಗೆ ಐದು ಡಿಗ್ರಿ, ಒಳಗೆ ಹನ್ನೊಂದು. ನೆಲ ಮಾರ್ಬಲ್, ಬಕೆಟ್ಟಿನ ನೀರು ಮುಟ್ಟಲು ಧೈರ್ಯ ಬೇಕು. ರಜಾಯಿ ಒಳಗೆ ಸ್ವೆಟರ್ ಹಾಕಿಕೊಂಡೇ ಮಲಗುತ್ತಿದ್ದೆ.

ನಮ್ಮ ದೇಶದಲ್ಲಿ ಚಳಿ ಮನೆಯೊಳಗೂ ನಮ್ಮ ಜೊತೆಗೇ ಇರುತ್ತದೆ. ಇಲ್ಲಿ ಬಾಗಿಲಾಚೆ ಮಾತ್ರ. ಒಳಗೆ ಇಪ್ಪತ್ತೊಂದು ಡಿಗ್ರಿ, ಟಿ-ಶರ್ಟ್ ಹಾಕಿಕೊಂಡು ಓಡಾಡಬಹುದು. ಹಾಗಾಗಿ ಬಟ್ಟೆ ಹಾಕುವುದಕ್ಕಿಂತ ಬಟ್ಟೆ ಬಿಚ್ಚುವ ಯೋಚನೆ ಜಾಸ್ತಿ ಮಾಡಬೇಕು. ಬಸ್ಸಿಗೆ ಹತ್ತಿದಿರಿ, ಜಿಪ್ ಇಳಿಸಿ, ಟೋಪಿ ತೆಗೆಯಿರಿ. ಕ್ಲಾಸಿಗೆ ಹೋದಿರಿ, ಜಾಕೆಟ್ ತೆಗೆಯಿರಿ. ತಲೆ ಮೇಲಿಂದ ಎಳೆದು ಹಾಕುವ ಸ್ವೆಟರ್ ಇದಕ್ಕೇ ತಲೆನೋವು, ಮುಂದೆ ಜಿಪ್ ಇರುವುದು ತಗೊಳ್ಳಿ.

ನಿಮ್ಮ ಕ್ಯಾಂಪಸ್ಸಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಸುರಂಗ ಇದೆ, ಕೆಂಪುನದಿಯವರಿಗೆ ಗೊತ್ತಿರುತ್ತದೆ. ಕ್ಯಾಲ್ಗರಿಯಲ್ಲಿ ಅದನ್ನೇ ಮೇಲೆ ಸೇತುವೆ ಮಾಡಿದ್ದಾರೆ, ರಸ್ತೆಗಿಂತ ಸುಮಾರು 15 ಅಡಿ ಎತ್ತರ, ಹೆಸರೇ ಪ್ಲಸ್ 15.

ಹಳೇ_ಫೌಜಿ | ಡಿಸೆಂಬರ್ 14

ಕೊಡಗಿನವನು. ಸೇನೆಯಲ್ಲಿ ಇಪ್ಪತ್ತೆರಡು ವರ್ಷ, ಅದರಲ್ಲಿ ಎರಡು ಚಳಿಗಾಲ ಲಡಾಖ್ ಮೇಲ್ಗಡೆ. ಬಟ್ಟೆ ಸರ್ಕಾರ ಕೊಡುತ್ತಿತ್ತು, ಬುದ್ಧಿ ಉಸ್ತಾದ್ ಕೊಡುತ್ತಿದ್ದ. ಅವನ ಮೊದಲ ಪಾಠ: ಬೆವರಬೇಡ. ಹತ್ತಲು ಶುರು ಮಾಡುವ ಮೊದಲೇ ಒಂದು ಪದರ ತೆಗೆಸಿಬಿಡುತ್ತಿದ್ದ. ಮೊದಲ ಹತ್ತು ನಿಮಿಷ ಚಳಿ ಆಗಬೇಕು, ಆಗದಿದ್ದರೆ ನೀನು ಜಾಸ್ತಿ ಹಾಕಿದ್ದೀಯ ಅನ್ನುತ್ತಿದ್ದ. ನಿಂತಾಗ ತಕ್ಷಣ ಹಾಕಿಕೊಳ್ಳಬೇಕು, ಚಳಿ ಆದ ಮೇಲೆ ಅಲ್ಲ.

ತಮ್ಮಾ, ಶೂ ಬಿಗಿ ಇರಬಾರದು. ಬೆಚ್ಚಗಿರಲಿ ಅಂತ ಎರಡು ಸಾಕ್ಸ್ ಹಾಕಿ ಅದೇ ಶೂ ಒಳಗೆ ಕಾಲು ತುರುಕುವವರನ್ನು ಎಷ್ಟು ಜನ ನೋಡಿದ್ದೇನೆ. ರಕ್ತ ಓಡದಿದ್ದರೆ ಸಾಕ್ಸ್ ಎಷ್ಟಿದ್ದರೂ ಕಾಲು ಕಲ್ಲು. ಬೆರಳು ಆಡಿಸಲು ಜಾಗ ಇರಬೇಕು. ಒಣ ಸಾಕ್ಸ್ ಒಂದು ಜೊತೆ ಯಾವಾಗಲೂ ಅಂಗಿಯೊಳಗೆ ಎದೆ ಹತ್ತಿರ ಇಟ್ಟುಕೊಳ್ಳುತ್ತಿದ್ದೆವು, ಹಾಕುವಾಗ ಬಿಸಿ ಇಡ್ಲಿ ಥರ ಇರುತ್ತಿತ್ತು.

ಬೆರಳು ಬೆಳ್ಳಗೆ ಮೇಣದ ಹಾಗೆ ಕಂಡರೆ ಉಜ್ಜಬೇಡಿ. ಕುದಿಯುವ ನೀರಿಗೂ ಹಾಕಬೇಡಿ, ಹೀಟರ್ ಮೇಲೂ ಇಡಬೇಡಿ, ಸ್ಪರ್ಶ ಇಲ್ಲದ ಬೆರಳು ಸುಟ್ಟರೂ ಗೊತ್ತಾಗಲ್ಲ. ಸ್ವಲ್ಪ ಬೆಳ್ಳಗಾಗಿದ್ದರೆ ಕಂಕುಳಲ್ಲಿ ಇಟ್ಟುಕೊಂಡರೆ ಸಾಕು. ಜಾಸ್ತಿ ಆಗಿದ್ದರೆ ಉಗುರುಬೆಚ್ಚಗಿನ ನೀರು, ಸುಮಾರು 37-39 ಡಿಗ್ರಿ, ಆಮೇಲೆ ನೇರ ಡಾಕ್ಟರ್ ಹತ್ತಿರ. ನಮ್ಮ ಮುಖ ನಮಗೆ ಕಾಣಲ್ಲ, ಅದಕ್ಕೇ ಜೋಡಿ ಜೋಡಿಯಾಗಿ ಕಳಿಸುತ್ತಿದ್ದರು, ಇವನ ಮೂಗು ಅವನು ನೋಡಬೇಕು.

ಇನ್ನೊಂದು. ಒಂದು ಪೆಗ್ ರಮ್ ಹಾಕಿದರೆ ಬೆಚ್ಚಗಾಗುತ್ತದೆ ಅಂತ ಊರಲ್ಲೆಲ್ಲ ಹೇಳುತ್ತಾರೆ, ನಾವೂ ಹೇಳುತ್ತಿದ್ದೆವು. ಚರ್ಮಕ್ಕೆ ರಕ್ತ ಏರಿ ಬೆಚ್ಚಗೆ ಅನ್ನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಕುಡಿಯುವುದಿದ್ದರೆ ಮನೆಗೆ ಬಂದ ಮೇಲೆ.

ಮಾಗಿಚಳಿ | ಡಿಸೆಂಬರ್ 14

ಕೊನೆಯ ಸಾಲು ಸಾಲ್ಯೂಟ್ ಸರ್.

ಎಳ್ಳುಬೆಲ್ಲ | ಡಿಸೆಂಬರ್ 15

ಎಲ್ಲರೂ ಗಂಡಸರ ಬಟ್ಟೆ ಬಗ್ಗೆಯೇ ಬರೆದಿದ್ದೀರಿ. ಇಲ್ಲಿ ಸೀರೆ ಉಡುವವರೂ ಇದ್ದೇವೆ! ಇವರು ಬಂದ ಹತ್ತೇ ದಿನಕ್ಕೆ ಸಂಕ್ರಾಂತಿ, ಅಂದರೆ ಇಡೀ ವರ್ಷದ ಕಡು ಚಳಿಯಲ್ಲಿ ನಮಗೆ ರೇಷ್ಮೆ ಸೀರೆ ಉಡಬೇಕು. ಮೊದಲ ವರ್ಷ ನಾನು ಮಾಮೂಲಿ ಲಂಗ, ಸೀರೆ, ಮೇಲೆ ಕೋಟು, ಕಾಲಿಗೆ ಚಪ್ಪಲಿ. ಕಾರಿಂದ ಹಾಲ್ ಬಾಗಿಲಿಗೆ ನೂರು ಹೆಜ್ಜೆ ಅಷ್ಟೇ. ಕೆಳಗಿಂದ ಗಾಳಿ ನುಗ್ಗಿ ಸೀರೆ ಕೊಡೆ ಥರ ಉಬ್ಬಿತು. ಅದಕ್ಕಿಂತ ಹೊಟ್ಟೆ ಉರಿದದ್ದು ಮನೆಗೆ ಬಂದು ನೋಡಿದಾಗ, ಅಂಚಿಗೆ ಬೆಳ್ಳಗೆ ಅಲೆ ಅಲೆಯಾಗಿ ಕಲೆ. ಇಲ್ಲಿ ಹಿಮ ಕರಗಲಿ ಅಂತ ನೆಲಕ್ಕೆ ಉಪ್ಪು ಚೆಲ್ಲುತ್ತಾರೆ, ಆ ಉಪ್ಪುನೀರು. ಮದುವೆ ಸೀರೆ ಅದು.

ಈಗ ನಾವೆಲ್ಲ ಮಾಡುವುದು ಹೀಗೆ. ಲಂಗದ ಬದಲು ಒಳಗೆ ಫ್ಲೀಸ್ ಇರುವ ದಪ್ಪ ಲೆಗ್ಗಿಂಗ್ಸ್, ಅದರ ಸೊಂಟದ ಪಟ್ಟಿಗೇ ನೆರಿಗೆ ಸಿಕ್ಕಿಸುತ್ತೇವೆ, ಪಟ್ಟಿ ಗಟ್ಟಿ ಇಲ್ಲದಿದ್ದರೆ ಮೇಲೊಂದು ಬೆಲ್ಟ್. ರವಿಕೆ ಬದಲು ಪೂರ್ತಿ ತೋಳಿನ ತೆಳು ಥರ್ಮಲ್, ಕಪ್ಪು ಬಣ್ಣದ್ದಾದರೆ ಹೊಸ ಫ್ಯಾಷನ್ ಅಂದುಕೊಳ್ಳುತ್ತಾರೆ. ಕಾಲಿಗೆ ಮೊಣಕಾಲವರೆಗಿನ ಬೂಟು, ಹೊರಗೆ ಇರುವಷ್ಟು ಹೊತ್ತು ಸೀರೆ ಅಂಚು ಬೂಟಿನೊಳಗೆ. ಚಪ್ಪಲಿ ಕೈಚೀಲದಲ್ಲಿ. ಹಾಲ್ ಬಾಗಿಲಲ್ಲಿ ಹತ್ತು ಜನ ಹೆಂಗಸರು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತು ಬೂಟಿಂದ ಅಂಚು ಬಿಡಿಸುವ ದೃಶ್ಯ ನೋಡಬೇಕು ನೀವು.

ಓಲೆ, ಜುಮುಕಿ ಕೂಡ ಒಳಗೆ ಹೋದ ಮೇಲೆ ಹಾಕಿಕೊಳ್ಳಿ. ಲೋಹ ತಣ್ಣಗಾಗಿ ಕಿವಿ ಹಾಲೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ತಲೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಹೊರಗೆ ಹೋಗಬೇಡಿ. ನನ್ನ ಮಗಳ ಜಡೆ ಒಮ್ಮೆ ಶಾಲೆ ಬಸ್ ಬರುವಷ್ಟರಲ್ಲಿ ಗಟ್ಟಿಯಾಗಿ, ಅವಳು ಅದನ್ನ ಕೋಲು ಥರ ಹಿಡಿದು ತಮ್ಮನಿಗೆ ಬಡಿಯುತ್ತಿದ್ದಳು.

ಮಕ್ಕಳಿರುವವರಿಗೆ ಒಂದು ಮಾತು. ದಪ್ಪ ಜಾಕೆಟ್ ಹಾಕಿಸಿ ಕಾರ್ ಸೀಟಿಗೆ ಬೆಲ್ಟ್ ಕಟ್ಟಬೇಡಿ. ಅಪಘಾತ ಆದರೆ ಜಾಕೆಟ್ ಒತ್ತಿಕೊಂಡು ಬೆಲ್ಟ್ ಸಡಿಲ ಆಗಿಬಿಡುತ್ತದೆ. ಬೆಲ್ಟ್ ಕಟ್ಟಿ ಮೇಲೆ ಕಂಬಳಿ ಹೊದಿಸಿ. ಮತ್ತೆ ಸಣ್ಣ ಮಕ್ಕಳಿಗೆ ನಮ್ಮ ಕುಲಾವಿಗಿಂತ ಒಳ್ಳೇ ಟೋಪಿ ಯಾವ ಅಂಗಡಿಯಲ್ಲೂ ಸಿಗಲ್ಲ, ಕಿವಿ ಮುಚ್ಚಿ ಗಲ್ಲಕ್ಕೆ ಗಂಟು, ಅಜ್ಜಿಯಿಂದ ಎರಡು ಹೊಲಿಸಿಕೊಂಡು ಬನ್ನಿ. ಉಣ್ಣೆ ಟೋಪಿ ಒಳಗೆ ಹಾಕಿಸಿದರೆ ಚುಚ್ಚುವುದೂ ಇಲ್ಲ.

ದಾವಣಗೆರೆ_ಬೆಣ್ಣೆ | ಡಿಸೆಂಬರ್ 15

ಅಕ್ಕ, ನಂಗೆ ಮಕ್ಕಳೂ ಇಲ್ಲ, ಸೀರೆಯೂ ಇಲ್ಲ 🙂 ಆದರೂ ಪೂರ್ತಿ ಓದಿದೆ. ಮಂಕಿ ಕ್ಯಾಪ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನ ತರಲಾ? ತಲೆಯಿಂದಲೇ ಮೈಯ ಅರ್ಧ ಬಿಸಿ ಹೋಗುತ್ತದೆ ಅಂತ ಎಲ್ಲೋ ಓದಿದ್ದೆ.

ಕೆಂಪುನದಿ | ಡಿಸೆಂಬರ್ 15

ಅರ್ಧ ಏನೂ ಅಲ್ಲ, ಸುಮಾರು ಹತ್ತರಲ್ಲೊಂದು ಪಾಲು, ಮೈಯಲ್ಲಿ ತಲೆ ಎಷ್ಟು ಜಾಗ ಇದೆಯೋ ಹೆಚ್ಚುಕಡಿಮೆ ಅಷ್ಟೇ. ಆದರೆ ಕಿವಿ, ಮೂಗು ಮೊದಲು ಹೆಪ್ಪುಗಟ್ಟುತ್ತವೆ, ಅದಕ್ಕೇ ಮುಚ್ಚಬೇಕು.

ಮಂಕಿ ಕ್ಯಾಪ್ ಖಂಡಿತ ತನ್ನಿ! ಇಲ್ಲಿ ಅದನ್ನೇ ಬಾಲಕ್ಲಾವ ಅಂತ ಮೂವತ್ತು ಡಾಲರಿಗೆ ಮಾರುತ್ತಾರೆ. ಊರಲ್ಲಿ ಹಾಕಿಕೊಂಡರೆ ತಾತ, ಇಲ್ಲಿ ಸ್ಟೈಲ್. ಮೇಲೊಂದು ದಪ್ಪ ಉಣ್ಣೆ ಟೋಪಿ, ಅದಕ್ಕೆ ಟೂಕ್ ಅನ್ನುತ್ತಾರೆ ಕೆನಡಾದವರು. ಕತ್ತಿಗೆ ಉದ್ದ ಮಫ್ಲರಿಗಿಂತ ಕೊಳವೆ ಥರದ ನೆಕ್ ವಾರ್ಮರ್ ವಾಸಿ, ಬಿಚ್ಚಿಕೊಳ್ಳುವುದಿಲ್ಲ. ಎರಡು ಇಟ್ಟುಕೊಳ್ಳಿ. ಉಸಿರಿಗೆ ಬಾಯಿ ಹತ್ತಿರ ಒದ್ದೆಯಾಗಿ ಆಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಕನ್ನಡಕ ಹಾಕುವವರಾದರೆ ದೇವರೇ ಗತಿ, ಮೂಗು ಮುಚ್ಚಿದರೆ ಗಾಜು ಮಬ್ಬು, ಬಿಟ್ಟರೆ ಮೂಗು ಮಾಯ. ನಾನು ಮೂಗಿನ ಕೆಳಗಿನವರೆಗೆ ಮುಚ್ಚಿ ಎರಡು ನಿಮಿಷಕ್ಕೊಮ್ಮೆ ಮೇಲೆಳೆದು ಬಿಡುತ್ತೇನೆ.

ಕೈಗೆ ಐದು ಬೆರಳಿನ ಗ್ಲೌಸ್ ಬೇಡ, ಮಿಟನ್ ತಗೊಳ್ಳಿ. ನಾಲ್ಕು ಬೆರಳು ಒಟ್ಟಿಗಿದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ. ಒಳಗೆ ತೆಳು ಗ್ಲೌಸ್ ಹಾಕಿದರೆ ಬಸ್ ಕಾರ್ಡ್ ತೆಗೆಯುವಾಗ ಬರಿಗೈ ಆಗುವುದಿಲ್ಲ. ಫೋನ್ ಒಳಜೇಬಿನಲ್ಲಿಡಿ, ಹೊರಜೇಬಿನಲ್ಲಿದ್ದರೆ ನಲವತ್ತು ಪರ್ಸೆಂಟ್ ಚಾರ್ಜ್ ಇದ್ದದ್ದು ಕಣ್ಣೆದುರೇ ಆಫ್ ಆಗುತ್ತದೆ.

ಹವಾಮಾನ ನೋಡುವಾಗ ಬರೀ ಡಿಗ್ರಿ ನೋಡಬೇಡಿ, ವಿಂಡ್ ಚಿಲ್ ನೋಡಿ. ಮೈನಸ್ 20 ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ ಚರ್ಮಕ್ಕೆ ಅದು ಮೈನಸ್ 33 ಇದ್ದ ಹಾಗೆ. ವಿಂಡ್ ಚಿಲ್ ಮೈನಸ್ 28 ದಾಟಿತು ಅಂದರೆ ಮುಚ್ಚದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ ಐದರಿಂದ ಹತ್ತು ನಿಮಿಷ. ಇಲ್ಲಿ ಬಯಲು, ನಮ್ಮ ಚಿತ್ರದುರ್ಗದ ಹಾಗೆ ತಡೆಯಲು ಬೆಟ್ಟವೂ ಇಲ್ಲ, ಗಾಳಿ ನೇರ ಬಂದು ಹೊಡೆಯುತ್ತದೆ. ನಡೆಯುವಾಗ ಹೋಗುವ ದಾರಿಗಿಂತ ವಾಪಸ್ ದಾರಿಯಲ್ಲಿ ಗಾಳಿ ಎದುರಾಗುತ್ತದಾ ಅಂತ ಯೋಚಿಸಿ.

ಪಂಚೆ_ಅಪ್ಪ | ಡಿಸೆಂಬರ್ 16

ಮಿನಿಯಾಪೊಲಿಸ್‌ನಿಂದ. ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹೋದ ವರ್ಷ ಅಪ್ಪ ಅಮ್ಮ ನವೆಂಬರಿನಲ್ಲಿ ಬಂದರು. ಅಪ್ಪನಿಗೆ ಎಪ್ಪತ್ತೆರಡು. ಪ್ಯಾಂಟ್ ಹಾಕಲ್ಲ ಅಂದರೆ ಹಾಕಲ್ಲ. ಕೊನೆಗೆ ಥರ್ಮಲ್ ಮೇಲೆ ಸ್ನೋ ಪ್ಯಾಂಟ್, ಅದರ ಮೇಲೆ ಪಂಚೆ. ಕಸ ಹಾಕಲು ಹೊರಗೆ ಹೋದಾಗ ಪಕ್ಕದ ಮನೆಯವರು ಕಾರು ನಿಲ್ಲಿಸಿ ನೋಡಿದರು. ಅಮ್ಮನಿಗೆ ತೊಂದರೆ ಆದದ್ದು ಹೊರಗಿನ ಚಳಿಯಿಂದ ಅಲ್ಲ, ಒಳಗಿನ ಹೀಟರಿನಿಂದ. ಗಾಳಿ ಒಣಗಿ ಮೂಗಲ್ಲಿ ರಕ್ತ, ಹಿಮ್ಮಡಿ ಒಡೆದು ನಡೆಯಲು ಆಗುತ್ತಿರಲಿಲ್ಲ. ರೂಮಿಗೊಂದು ಹ್ಯುಮಿಡಿಫೈಯರ್ (ಗಾಳಿಗೆ ತೇವ ಬಿಡುವ ಯಂತ್ರ) ಇಟ್ಟ ಮೇಲೆ ಸರಿಯಾಯಿತು. ರಾತ್ರಿ ವ್ಯಾಸಲೀನ್ ಹಚ್ಚಿ ಸಾಕ್ಸ್. ಕೊಬ್ಬರಿ ಎಣ್ಣೆ ತರಬೇಡಿ ಅನ್ನಲ್ಲ, ಆದರೆ ಇಡೀ ಚಳಿಗಾಲ ಕಲ್ಲಾಗೇ ಇರುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಟ್ಟರೆ ಚಮಚದಲ್ಲಿ ಕೆತ್ತಿಕೊಳ್ಳಬಹುದು.

ಆಮೇಲೆ, ಜಾಕೆಟ್ ಒಂದು ಕೈಯಲ್ಲೇ ಹಿಡಿದುಕೊಂಡು ವಿಮಾನ ಹತ್ತಿ. ನಮ್ಮ ದೊಡ್ಡ ಬ್ಯಾಗ್ ಎರಡು ದಿನ ತಡವಾಗಿ ಬಂತು, ಸ್ವೆಟರೆಲ್ಲ ಅದರಲ್ಲೇ ಇತ್ತು.

ಉಣ್ಣೆಎಳೆ | ಡಿಸೆಂಬರ್ 16

ಬೆಂಗಳೂರಲ್ಲಿ ಏನಾದರೂ ತಗೊಳ್ಳಲೇಬೇಕು ಅಂದರೆ ಚಳಿಗಾಲಕ್ಕೆ ಟಿಬೆಟನ್ನರು ರಸ್ತೆ ಬದಿ ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅಲ್ಲಿ ಕೈಗವಸು, ಕಾಲುಚೀಲ ನೋಡಿ. ಬೈಲಕುಪ್ಪೆಯಿಂದ, ಮುಂಡಗೋಡಿನಿಂದ ಬರುವವರು, ಚಳಿ ಅಂದರೆ ಏನು ಅಂತ ಅವರ ಹಿರಿಯರಿಗೆ ಗೊತ್ತಿತ್ತು. ಉಣ್ಣೆನಾ ಅಕ್ರಿಲಿಕ್ಕಾ ಅಂತ ಮಾತ್ರ ಕೇಳಿ ತಗೊಳ್ಳಿ. ಒಂದೆಳೆ ಕಿತ್ತು ಬೆಂಕಿ ತಾಗಿಸಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಮಣಿ ಕಟ್ಟುತ್ತದೆ. ಅಂಗಡಿಯಲ್ಲೇ ಕಡ್ಡಿ ಗೀರಬೇಡಿ ಮಾತ್ರ.

ದಾವಣಗೆರೆ_ಬೆಣ್ಣೆ | ಜನವರಿ 9

ಬಂದಿಳಿದೆ. ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ನಿಲ್ದಾಣದ ಬಾಗಿಲು ತೆರೆದ ಕೂಡಲೇ ಒಂದು ಉಸಿರು ಎಳೆದೆ, ಕೆಮ್ಮು ಬಂತು. ಮೂಗಿನ ಕೂದಲು ನಿಜವಾಗಿಯೂ ಚುಚ್ಚುತ್ತದೆ! ಸುತ್ತ ಸದ್ದೇ ಇಲ್ಲ, ಹಿಮದ ಮೇಲೆ ಹೆಜ್ಜೆ ಇಟ್ಟರೆ ಥರ್ಮೋಕೋಲ್ ಉಜ್ಜಿದ ಹಾಗೆ ಕಿರ್ ಕಿರ್. ಮೊನ್ನೆ ಬೆಳಗ್ಗೆ ಮೈನಸ್ 29. ಥರ್ಮಲ್, ಫ್ಲೀಸ್, ಇಲ್ಲಿ 35 ಡಾಲರಿಗೆ ಸಿಕ್ಕ ಹಳೇ ಉದ್ದ ಜಾಕೆಟ್ (ಜೇಬಲ್ಲಿ ಯಾರದೋ ಬಸ್ ಟಿಕೆಟ್ ಇತ್ತು), ಮಂಕಿ ಕ್ಯಾಪ್, ಟೂಕ್, ಮಿಟನ್. ಎದೆ, ಕೈ, ತಲೆ ಎಲ್ಲ ಬೆಚ್ಚಗೆ. ಬಸ್ ಸ್ಟಾಪಲ್ಲಿ ಒಬ್ಬ ಹುಡುಗ ಮಂಕಿ ಕ್ಯಾಪ್ ನೋಡಿ "ಎಲ್ಲಿ ತಗೊಂಡೆ?" ಅಂತ ಕೇಳಿದ. ದಾವಣಗೆರೆ ಅಂದೆ. ಕಣ್ಣು ಮಿಟುಕಿಸಿದರೆ ರೆಪ್ಪೆಗಳು ಒಂದಕ್ಕೊಂದು ಅಂಟಿ ಬಿಡುತ್ತಿದ್ದವು.

ಚಿಕ್ಕಮ್ಮನ ಸ್ವೆಟರ್ ಎರಡು ಮಾತ್ರ ತಂದೆ. ರೂಮಲ್ಲಿ ರಾತ್ರಿ ಓದುವಾಗ ಹಾಕಿಕೊಳ್ಳುತ್ತೇನೆ, ಕಿಟಕಿ ಪಕ್ಕ ತಣ್ಣಗಿರುತ್ತದೆ. ಸೋಲಾಪುರ ಚಾದರ ನನ್ನ ರೂಮ್‌ಮೇಟ್ ಕಿತ್ತುಕೊಂಡಿದ್ದಾನೆ.

ಆದರೆ ಕಾಲು ಕೈ ಕೊಟ್ಟಿತು. ಫೌಜಿ ಸರ್, ಬೈಯಬೇಡಿ. ದುಡ್ಡು ಉಳಿಸೋಣ ಅಂತ ಬೆಂಗಳೂರಲ್ಲೇ ಟ್ರೆಕ್ಕಿಂಗ್ ಶೂ ತಗೊಂಡು, ಎರಡು ಜೊತೆ ಸಾಕ್ಸ್ ಹಾಕಿದ್ದೆ. ಕ್ಯಾಂಪಸ್ ತಲುಪುವಷ್ಟರಲ್ಲಿ ಎಡಗಾಲಿನ ಎರಡು ಬೆರಳು ನನ್ನವೇ ಅಲ್ಲ ಅನ್ನಿಸಿತು. ಸುರಂಗದೊಳಗೆ ಕೂತು ಶೂ ಬಿಚ್ಚಿ, ನೀವು ಹೇಳಿದ ಹಾಗೆ ಉಜ್ಜದೆ, ಕೈಯಲ್ಲಿ ಸುಮ್ನೆ ಹಿಡಿದುಕೊಂಡೆ. ಅರ್ಧ ಗಂಟೆಗೆ ಕೆಂಪಗಾಗಿ ಸರಿಹೋಯಿತು.

ಹಳೇ_ಫೌಜಿ | ಜನವರಿ 9

ಬೈಯಲ್ಲ. ಆದರೆ ಅದೇ ಬೆರಳು ಇನ್ನು ಸ್ವಲ್ಪ ದಿನ ಬೇಗ ತಣ್ಣಗಾಗುತ್ತದೆ, ಗಮನ ಇರಲಿ. ಗುಳ್ಳೆ ಎದ್ದರೆ, ಬಣ್ಣ ಕಪ್ಪಾದರೆ ಡಾಕ್ಟರಿಗೆ ತೋರಿಸು. ಒಂದು ಸಾಕ್ಸ್ ತೆಗೆ.

ಕೆಂಪುನದಿ | ಜನವರಿ 9

ಕಾಲಿನ ಸೈಜ್ ಎಷ್ಟಪ್ಪ?

ದಾವಣಗೆರೆ_ಬೆಣ್ಣೆ | ಜನವರಿ 9

8 ಅಣ್ಣ. ಒಂದೊಂದು ಕಂಪನಿದು 9 ಆಗುತ್ತೆ.

ಕೆಂಪುನದಿ | ಜನವರಿ 10

ನನ್ನ ಹಳೇ ಬೂಟು 9 ಇದೆ. ಒಳಗಿನ ಉಣ್ಣೆಯ ಕಾಲುಚೀಲ ಬೇರೆ ಬರುತ್ತದೆ, ರಾತ್ರಿ ತೆಗೆದು ಒಣಗಿಸಬೇಕು, ಬೂಟಿನೊಳಗೇ ಬಿಟ್ಟರೆ ಬೆಳಗ್ಗೆ ಹಸಿ ಇರುತ್ತದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಬಾ, ತಗೊಂಡು ಹೋಗುವಿಯಂತೆ. ಬರುವಾಗ ಚಟ್ನಿಪುಡಿ ತಾ.